ರಕ್ತದ ಲೆಕ್ಕ

ಇಂಬಳ ಹತ್ತಿದ್ದು ಗೊತ್ತಾಗುವುದಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಒಂದು ಮಳೆಗಾಲ ಓಡಾಡಿದವರನ್ನು ಕೇಳಿ. ಮನೆಗೆ ಬಂದು ಕಾಲು ತೊಳೆಯುವಾಗ ನೀರು ಕೆಂಪಾದ ಮೇಲೇ 'ಓ, ಹತ್ತಿತ್ತಲ್ಲ' ಅನ್ನೋದು. ಅದು ಕಳಚಿ ಬಿದ್ದ ಮೇಲೂ ರಕ್ತ ಬೇಗ ನಿಲ್ಲಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲೇ ಇದೆ.

ಕಳೆದ ತಿಂಗಳು ಒಂದು ಇಂಗ್ಲಿಷ್ ಕಾದಂಬರಿ ಓದುವಾಗ ಈ ಇಂಬಳ ಪದೇ ಪದೇ ನೆನಪಾಯಿತು. ಅಲೆಕ್ಸಿಸ್ ಹೆಂಡರ್ಸನ್ ಬರೆದ 'ಹೌಸ್ ಆಫ್ ಹಂಗರ್', 2022ರಲ್ಲಿ ಬಂದದ್ದು. ಮೇರಿಯನ್ ಶಾ ಕೊಳೆಗೇರಿಯಲ್ಲಿ ಬೆಳೆದ ಹುಡುಗಿ. ಪತ್ರಿಕೆಯಲ್ಲಿ ಒಂದು ಕೆಲಸದ ಜಾಹೀರಾತು ನೋಡುತ್ತಾಳೆ: ಬ್ಲಡ್‌ಮೇಡ್ ಬೇಕಾಗಿದ್ದಾಳೆ. ದೂರದ ಉತ್ತರದಲ್ಲಿ ಶ್ರೀಮಂತ ಮನೆತನಗಳಿವೆ, ಅವರು ಕೆಲಸದ ಹುಡುಗಿಯರ ರಕ್ತ ಕುಡಿಯುತ್ತಾರೆ. ಒಳ್ಳೆ ಊಟ, ರೇಷ್ಮೆ ಬಟ್ಟೆ, ಅವಧಿ ಮುಗಿದ ಮೇಲೆ ಪಿಂಚಣಿ. ಮೇರಿಯನ್ ಹೋಗುತ್ತಾಳೆ. ಆ ಮನೆಯ ಒಡತಿ ಲಿಸಾವೆಟ್ ಅಂದರೆ ಎಲ್ಲರಿಗೂ ಭಯ, ಎಲ್ಲರಿಗೂ ಪ್ರೀತಿ. ಮೇರಿಯನ್‌ಗೂ ಅವಳ ಮೇಲೆ ಪ್ರೀತಿಯಾಗುತ್ತದೆ. ಆಮೇಲೆ ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ರಾತ್ರಿ ಕಾಣೆಯಾಗತೊಡಗುತ್ತಾರೆ.

ಪುಸ್ತಕ ಕೊಟ್ಟದ್ದು ನನ್ನ ಟೀಮಿನ ಗೆಳತಿ. ಅವಳ ಸಂಗಾತಿಯೂ ಹೆಣ್ಣು. 'ಎರಡು ಹೆಣ್ಣುಗಳ ಪ್ರೀತಿ ಅಂತ ಹಾರರ್ ಮಾಡಿದಾರಾ?' ಅಂತ ಪೆದ್ದು ಪ್ರಶ್ನೆ ಕೇಳಿದೆ. 'ಓದಿ ಆಮೇಲೆ ಮಾತಾಡು' ಅಂದಳು. ಓದಿದೆ. ಶೆರಿಡನ್ ಲೆ ಫಾನು 1872ರಲ್ಲಿ 'ಕಾರ್ಮಿಲ್ಲಾ' ಪ್ರಕಟಿಸಿದಾಗ, ಒಂದು ಹೆಣ್ಣು ಇನ್ನೊಂದು ಹೆಣ್ಣಿನ ಕಡೆ ಸೆಳೆಯಲ್ಪಡುವುದೇ ಅರ್ಧ ಭಯವಾಗಿತ್ತು. ಕೊನೆಗೆ ಗಂಡಸರು ಬಂದು ರಕ್ತಪಿಶಾಚಿಯನ್ನು ಮುಗಿಸಿದರೂ ಲಾರಾಳಿಗೆ ಅವಳ ನೆನಪು ಹೋಗುವುದಿಲ್ಲ. ಹೆಂಡರ್ಸನ್ ಬರೆಯುವಾಗ ಭಯ ಜಾಗ ಬದಲಿಸಿದೆ. ಹೆಣ್ಣು ಹೆಣ್ಣನ್ನು ಪ್ರೀತಿಸಿದ್ದು ಇಲ್ಲಿ ದೊಡ್ಡ ಸಂಗತಿಯೇ ಅಲ್ಲ. ಪ್ರೀತಿಸಿದವಳ ಕೈಯಲ್ಲೇ ನಿನ್ನ ಕರಾರುಪತ್ರವೂ ಇದೆ, ನಿನ್ನ ರಕ್ತವೂ ಇದೆ ಅನ್ನುವುದು ಭಯ.

ಹಾಗಾದರೆ ಮೇರಿಯನ್ ಮೂರ್ಖಳಾ? ಅಷ್ಟು ಸುಲಭವಾಗಿ ಹೇಳೋಕೆ ನನ್ನಿಂದಾಗಲ್ಲ. ಬಿಟ್ಟುಬಂದ ಊರಲ್ಲಿ ಅವಳಿಗೆ ಏನಿತ್ತು? ಅಲ್ಲೂ ಜೀವ ಸೋರಿ ಹೋಗುತ್ತಲೇ ಇತ್ತು, ಯಾರೂ ಅದಕ್ಕೆ ಬೆಲೆ ಕಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಮೊದಲ ಕಂಪನಿ ನನ್ನ ನಿದ್ದೆ, ಬೆನ್ನು ಎರಡನ್ನೂ ತಿಂದಿತು. ಆದರೆ ಅದೇ ಸಂಬಳದಲ್ಲಿ ಅಪ್ಪನ ಸೊಸೈಟಿ ಸಾಲ ತೀರಿತು, ಸೋರುತ್ತಿದ್ದ ಮಾಡು ಸರಿಯಾಯಿತು. ಕೊಟ್ಟದ್ದಕ್ಕೆ ತಗೊಂಡರು ಅಂದರೆ ಅದು ವ್ಯವಹಾರ. ದುಡಿಮೆ ಅಂದರೇ ಅದು.

ಹಾಗಾದರೆ ವ್ಯವಹಾರ ಪಂಥವಾಗುವುದು ಯಾವಾಗ? ನನಗೆ ಅನಿಸುವುದು, 'ಇಲ್ಲಿ ಲೆಕ್ಕ ಇಡಬೇಡ' ಅಂದಾಗ. ನಮ್ಮ ಕಂಪನಿಯಲ್ಲಿ 'ನಾವೆಲ್ಲ ಒಂದೇ ಫ್ಯಾಮಿಲಿ' ಅನ್ನೋರು. ಫ್ಯಾಮಿಲಿಯಲ್ಲಿ ಯಾರಾದರೂ ಓವರ್‌ಟೈಮ್ ಕೇಳ್ತಾರಾ? ನಾವು ಲೆಕ್ಕ ಬಿಟ್ಟೆವು. ಅವರು ಬಿಡಲಿಲ್ಲ, ಯಾರು ಎಷ್ಟು ಗಂಟೆ ಕೂತರು ಅನ್ನೋದು ಅವರ ಶೀಟಿನಲ್ಲಿತ್ತು. ಪ್ರೀತಿ ಬರೀ ಕೆಳಗಿನವರ ಕರ್ತವ್ಯ, ಲೆಕ್ಕ ಬರೀ ಮೇಲಿನವರ ಹಕ್ಕು ಆದ ಕಡೆ ಏನೋ ಕೆಟ್ಟಿದೆ. ಮಠವಾಗಲಿ, ಮನೆಯಾಗಲಿ, ಆಫೀಸಾಗಲಿ.

ಇನ್ನೊಂದು ಗುರುತೂ ಇದೆ. ನಿನ್ನೆ ಇದ್ದವಳು ಇವತ್ತು ಎಲ್ಲಿ ಅಂತ ಕೇಳಬಹುದಾ? ನಮ್ಮಲ್ಲಿ ಯಾರಾದರೂ ಕುಸಿದು ಹೋದರೆ ಸೋಮವಾರ ಅವರ ಐಡಿ ಬಂದ್ ಆಗಿರುತ್ತಿತ್ತು. ಚಹಾದ ಹೊತ್ತಲ್ಲೂ ಯಾರೂ ಹೆಸರೆತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ.

ಇಲ್ಲಿವರೆಗೆ ನಾನೇ ಮೇರಿಯನ್ ಅನ್ನೋ ಹಾಗೆ ಬರೆದೆ. ನಿಜ ಹೇಳಬೇಕೆಂದರೆ ಕಾದಂಬರಿಯಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಅವಳೂ ಅಲ್ಲ, ಒಡತಿಯೂ ಅಲ್ಲ. ಹುಡುಗಿಯರ ರಕ್ತದ ರುಚಿ ನೋಡಿ ಆಯ್ದು ಕಳಿಸುವ ಒಬ್ಬ ಮನುಷ್ಯ ಇದ್ದಾನೆ. ಒಳ್ಳೆ ಮಾತಿನವನು. ಅವನು ಯಾರ ಕತ್ತನ್ನೂ ಕೊಯ್ಯುವುದಿಲ್ಲ.

ನಮ್ಮೂರಿನ ಒಬ್ಬ ಹುಡುಗನನ್ನು ಆ ಕಂಪನಿಗೆ ರೆಫರ್ ಮಾಡಿದ್ದು ನಾನು. ಬಿಇ ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದ. ಆ ಟೀಮ್ ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. 'ನಾನು ತಡ್ಕೊಂಡಿಲ್ವಾ' ಅಂದುಕೊಂಡೆ. ರೆಫರಲ್ ಬೋನಸ್ಸು ಐವತ್ತು ಸಾವಿರ ಬಂತು, ವಾಷಿಂಗ್ ಮಷಿನ್ ತಗೊಂಡೆ. ಹದಿನಾಲ್ಕು ತಿಂಗಳಿಗೆ ಅವನು ಕುಸಿದ. ರಾತ್ರಿ ಫೋನ್ ಸದ್ದಾದರೆ ನಡುಗುತ್ತಿದ್ದ. ಅವರಪ್ಪ ಬಂದು ಊರಿಗೆ ಕರಕೊಂಡು ಹೋದರು. ಅವರಮ್ಮ ಈಗಲೂ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಕಳಿಸುತ್ತಾರೆ. 'ನೀನು ಕೆಲ್ಸ ಕೊಡ್ಸಿದ್ದು ಮರೆಯಕ್ಕಾಗ್ತದಾ ಮಾರಾಯ' ಅಂತಾರೆ.

ಬಲಿಯಾದವನು ಇನ್ನೊಬ್ಬನನ್ನು ಕರೆತಂದರೆ ಅವನದೆಷ್ಟು ತಪ್ಪು? 'ನಂಗೂ ಬೇರೆ ದಾರಿ ಇರಲಿಲ್ಲ' ಅನ್ನೋದು ನಾನು ಒಳಗೆ ಉಳಿದದ್ದಕ್ಕೆ ಉತ್ತರವಾದೀತು. ಗೊತ್ತಿದ್ದೂ ಹೇಳದೆ ಇದ್ದದ್ದಕ್ಕೆ ಆಗಲ್ಲ. ಹೇಳಿದ್ದರೂ ಅವನು ಬರುತ್ತಿದ್ದನೇನೋ, ಅಷ್ಟು ಬಡತನವಿತ್ತು. ಆದರೆ ಕಣ್ಣು ತೆರೆದು ಬರುತ್ತಿದ್ದ. ಎಷ್ಟು ರಕ್ತ ಕೊಡಬೇಕು, ಯಾವಾಗ ಎದ್ದು ಹೋಗಬೇಕು ಅಂತ ಅವನೇ ತೀರ್ಮಾನಿಸುತ್ತಿದ್ದ. ಆ ತೀರ್ಮಾನವನ್ನು ನಾನು ಅವನಿಂದ ಕಿತ್ತುಕೊಂಡೆ.

ಪುಸ್ತಕ ಮುಗಿಸಿದ ವಾರವೇ ಊರಿಗೆ ಹೋಗಿದ್ದೆ. ತೋಟದಲ್ಲಿ ಸಿಕ್ಕ. ಈಗ ಸ್ವಲ್ಪ ಗೆಲುವಾಗಿದ್ದಾನೆ. ಕೂತು ಕಾಲಿನ ಇಂಬಳಕ್ಕೆ ಸುಣ್ಣ ಮುಟ್ಟಿಸುತ್ತಾ, ನನ್ನ ಮುಖ ನೋಡದೆ ಕೇಳಿದ. 'ಅಣ್ಣ, ಅಲ್ಲಿ ಹಂಗಿರ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?'

ಇಲ್ಲ ಅನ್ನೋದು ಸುಲಭವಿತ್ತು. ಅವನೂ ಬಹುಶಃ ನಂಬುತ್ತಿದ್ದ.

'ಗೊತ್ತಿತ್ತು' ಅಂದೆ.

ಅವನು ಸುಮ್ಮನೆ ಸುಣ್ಣದ ಡಬ್ಬಿ ನನ್ನ ಕಡೆ ಚಾಚಿದ. ನನ್ನ ಕಾಲಿಗೂ ಒಂದು ಹತ್ತಿತ್ತು, ನಾನು ನೋಡಿರಲಿಲ್ಲ.