ತೊಳೆದಿಟ್ಟ ಮುಖಗಳು

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ನುಗ್ಗಿತು. ಸತ್ತವರು, ಕಾಣೆಯಾದವರು ಸೇರಿ 18 ಸಾವಿರಕ್ಕೂ ಹೆಚ್ಚು ಮಂದಿ. ಊರಿಗೆ ಊರೇ ಕೆಸರಿನಡಿ ಹೂತುಹೋಗಿದ್ದ ಆ ತಿಂಗಳಲ್ಲೇ ಅಲ್ಲಿನ ಸರ್ಕಾರ ಅವಶೇಷಗಳ ತೆರವಿಗೆ ಮಾರ್ಗಸೂಚಿ ಹೊರಡಿಸಿತು. ಚಿನ್ನ, ತಿಜೋರಿಯಂಥ ಬೆಲೆಬಾಳುವ ವಸ್ತುಗಳ ಜೊತೆಗೆ ಇನ್ನೆರಡನ್ನೂ ಅದು ಹೆಸರಿಸಿತ್ತು: ಮನೆಯ ಪೂಜಾಪೀಠದಲ್ಲಿಡುವ ಗತಿಸಿದವರ ಹೆಸರಿನ ಫಲಕ ಮತ್ತು ಫೋಟೋ ಆಲ್ಬಂ. ಇವನ್ನು ಕಸದ ರಾಶಿಗೆ ಹಾಕಕೂಡದು, ವಾರಸುದಾರರಿಗೆ ಮುಟ್ಟಿಸಲು ಎತ್ತಿಡಬೇಕು.

ಮಿಯಾಗಿ ಪ್ರಾಂತ್ಯದ ಯಮಮೊಟೊ ಎಂಬ ಸಣ್ಣ ಪಟ್ಟಣವೊಂದರಲ್ಲೇ ಹೀಗೆ ಸುಮಾರು 7.5 ಲಕ್ಷ ಫೋಟೋಗಳು ಒಟ್ಟಾದವು. ಸ್ವಯಂಸೇವಕರು ತೊಳೆಯಲು ಕೂತರು. ಅದು ತಾಳ್ಮೆ ಬೇಡುವ ಕೆಲಸ. ಫೋಟೋದ ಬಣ್ಣ ಇರುವುದು ಜೆಲಟಿನ್ ಪದರದಲ್ಲಿ. ಒದ್ದೆಯಾದ ಜೆಲಟಿನ್ನನ್ನು ಬ್ಯಾಕ್ಟೀರಿಯಾಗಳು ತಿನ್ನತೊಡಗುತ್ತವೆ. ಆಲ್ಬಮ್ಮಿನೊಳಗೆ ನೀರು ಅಂಚಿನಿಂದ ಇಳಿಯುವುದರಿಂದ ಕೊಳೆಯುವುದೂ ಅಂಚಿನಿಂದಲೇ ಶುರು. ಹಿನ್ನೆಲೆಯ ಮರ, ಮನೆ, ಪಕ್ಕದಲ್ಲಿ ನಿಂತ ನೆಂಟರು ಹಳದಿ ಕೆಂಪು ಕಲೆಗಳಾಗಿ ಕರಗಿ, ಎಷ್ಟೋ ಫೋಟೋಗಳಲ್ಲಿ ನಡುವೆ ಒಂದೆರಡು ಮುಖಗಳಷ್ಟೇ ಉಳಿದಿದ್ದವು. ಅವನ್ನು ನೀರಿನಲ್ಲಿ ಮುಳುಗಿಸಿ, ಬೆರಳ ತುದಿಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ಕೆಸರು ಸವರಿ ತೆಗೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ದಾರಕ್ಕೆ ಸಿಕ್ಕಿಸಬೇಕು. ತುಸು ಒತ್ತಿದರೂ ಉಳಿದ ಮುಖ ಬೆರಳಿಗೆ ಅಂಟಿಕೊಂಡು ಬರುತ್ತದೆ.

ಬುದ್ಧನನ್ನು ನೆನೆಯುವ ನಾಡಿನಲ್ಲಿ ಈ ಕೆಲಸ ಒಂದು ಗಟ್ಟಿ ಪ್ರಶ್ನೆಯನ್ನು ಎಬ್ಬಿಸುತ್ತದೆ. ಎಲ್ಲವೂ ಅನಿತ್ಯ, ದುಃಖದ ಬೇರು ತೃಷ್ಣೆ ಎಂದು ಒಪ್ಪಿದ ಮೇಲೆ, ಹೋದವರ ಮುಖವನ್ನು ಕಾಗದದಲ್ಲಿ ಹಿಡಿದಿಟ್ಟುಕೊಳ್ಳುವುದು ಮೋಹವಲ್ಲವೇ?

ಮೋಹಕ್ಕೆ ‘ನನ್ನದು’ ಎಂಬ ಹಿಡಿತ ಬೇಕು. ಯಮಮೊಟೊದಲ್ಲಿ ನೀರಿಗೆ ಕೈಹಾಕಿದ ಎಷ್ಟೋ ಮಂದಿ ಹೊರ ಊರಿನವರು. ಫೋಟೋದಲ್ಲಿದ್ದವರು ಅವರ ಬಂಧುಗಳಲ್ಲ. ಬದುಕಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಯಾರೋ ಒಬ್ಬ ತಾಯಿ ಹುಡುಕಿಕೊಂಡು ಬಂದಾಳು ಎಂದು ತೊಳೆದರು. ಇದನ್ನು ಕರುಣೆ ಎನ್ನದೆ ಬೇರೇನೆಂದು ಕರೆಯಬೇಕು?

ಕಿಸಾಗೋತಮಿಯ ಕಥೆಯನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. ಸತ್ತ ಮಗುವನ್ನು ಎತ್ತಿಕೊಂಡು ಬಂದವಳಿಗೆ ಬುದ್ಧ ಹೇಳಿದ್ದು, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು. ಮಗುವನ್ನು ಮರೆತುಬಿಡು ಎಂದಲ್ಲ. ಅವಳು ಬಾಗಿಲು ಬಾಗಿಲಿಗೆ ಹೋದಳು. ಪ್ರತಿ ಮನೆಯೂ ತಾನು ಕಳೆದುಕೊಂಡವರನ್ನು ನೆನೆಯಿತು. ಅವಳ ಸಂಕಟ ಇಳಿದದ್ದು ಆ ನೆನಪುಗಳ ನಡುವೆ ನಡೆಯುತ್ತಲೇ. ಕುಟುಂಬದ ಫೋಟೋ ಮಾಡುವುದೂ ಇದನ್ನೇ. ಅದು ಸಾವನ್ನು ಅಲ್ಲಗಳೆಯುವುದಿಲ್ಲ. ಅದರೊಳಗಿನ ಮಗು ಬೆಳೆದಾಗಿದೆ, ತಾತ ತೀರಿಕೊಂಡಾಗಿದೆ. ಅನಿತ್ಯಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಮನೆಯಲ್ಲಿ ಇನ್ನೊಂದಿಲ್ಲ.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪಿತೃಪಕ್ಷದ ದಿನ ಇದು ಎದುರಿಗೇ ಕಾಣುತ್ತದೆ. ಗೋಡೆಯ ಫೋಟೋ ಇಳಿಸಿ, ಗಾಜು ಒರೆಸಿ, ಕುಂಕುಮವಿಟ್ಟು, ಮುಂದೆ ಎಡೆ ಹಾಕುತ್ತಾರೆ. ಅಪ್ಪನಿಗೆ ಇಷ್ಟವಿದ್ದ ಬಾಡಿನ ಸಾರು, ಹೊಸ ಪಂಚೆ, ಸೇದುತ್ತಿದ್ದವರಾದರೆ ಒಂದು ಕಟ್ಟು ಬೀಡಿ. ದೇವರ ಪಟಗಳ ಸಾಲಿನಲ್ಲಿ ಆ ಫೋಟೋ ಇಡಕೂಡದು ಎಂದು ಎಷ್ಟೋ ಮನೆಗಳ ಹಿರಿಯರು ಗದರುವುದುಂಟು. ಆ ಎಚ್ಚರದಲ್ಲಿ ವಿವೇಕವಿದೆ. ದೇವರಿಗೆ ಬೇಡುವುದು ಬೇರೆ. ಬೀಡಿ ಸೇದುತ್ತಿದ್ದ ಒಬ್ಬ ಮನುಷ್ಯನನ್ನು ಅವನ ರುಚಿ, ಚಟಗಳ ಸಮೇತ ನೆನೆಯುವುದು ಬೇರೆ.

ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿಯ ದಡದ ಕನಗನಹಳ್ಳಿ ಸ್ತೂಪದಲ್ಲೂ ಹೀಗೆ ಮನುಷ್ಯನನ್ನು ಮನುಷ್ಯನಾಗಿ ನೆನೆಯುವುದಕ್ಕೊಂದು ಹಳೆಯ ಆಧಾರ ಸಿಗುತ್ತದೆ. ಆರಂಭದ ಬೌದ್ಧ ಶಿಲ್ಪಿಗಳು ಬುದ್ಧನ ಜಾಗದಲ್ಲಿ ಪಾದದ ಗುರುತನ್ನೋ ಖಾಲಿ ಪೀಠವನ್ನೋ ಕೆತ್ತಿದರು. ಆದರೆ ಕನಗನಹಳ್ಳಿಯಲ್ಲಿ ಅಶೋಕನನ್ನು ರಾಣಿ, ಪರಿಚಾರಿಕೆಯರ ಜೊತೆ ನಿಲ್ಲಿಸಿ, ಅವನು ಯಾರೆಂದು ಬ್ರಾಹ್ಮಿ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಅನಿತ್ಯವನ್ನು ಬೋಧಿಸಿದ ಧರ್ಮವೇ ಒಬ್ಬ ಮನುಷ್ಯನ ರೂಪವನ್ನು ಹೆಸರಿನ ಸಮೇತ ಕಲ್ಲಿಗೆ ಒಪ್ಪಿಸಿತು. ಆ ಹೆಸರಿಲ್ಲದಿದ್ದರೆ ಅವನು ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ.

ಜಪಾನಿನಲ್ಲಿ ಯಾರೂ ಕೇಳಿಕೊಂಡು ಬಾರದ ಫೋಟೋಗಳೂ ಇದ್ದವು. ಕೆಲವು ಊರುಗಳು ವರ್ಷಗಟ್ಟಲೆ ಕಾದು, ಕೊನೆಗೆ ಭಿಕ್ಷುಗಳನ್ನು ಕರೆಸಿ, ಶಾಸ್ತ್ರೋಕ್ತವಾಗಿ ಅವನ್ನು ಅಗ್ನಿಗೆ ಒಪ್ಪಿಸಿದವು. ತೊಳೆದವರು ಸೋತರು ಎಂದು ಇದರ ಅರ್ಥವಲ್ಲ. ಹಿಡಿದಿಟ್ಟ ಗೌರವದಲ್ಲೇ ಬಿಟ್ಟುಕೊಟ್ಟರು. ಕನ್ನಡದ ಮನೆಗಳ ಅಟ್ಟದ ಟ್ರಂಕುಗಳಲ್ಲೂ ಇಂಥ ಫೋಟೋಗಳಿವೆ: ಸ್ಟುಡಿಯೋದ ಪರದೆಯ ಮುಂದೆ ಬಿಗಿಯಾಗಿ ಕೂತ ದಂಪತಿ, ಅವರ ಹಿಂದೆ ಮೂವರು ಹುಡುಗರು. ಅವರನ್ನು ಗುರುತಿಸಬಲ್ಲ ಒಬ್ಬ ಅಜ್ಜಿ ಇನ್ನೂ ಇದ್ದರೆ ಮುಂದಿನ ಪಿತೃಪಕ್ಷಕ್ಕೇ ಆ ಅಜ್ಜಿಯ ಪಕ್ಕದಲ್ಲಿ ಕೂತು, ಯಾರು ಯಾರೆಂದು ಕೇಳಿ, ಫೋಟೋದ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದಿಡಬೇಕು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರ ಮುಂಬದಿಗೂ ಮೂಡುತ್ತದೆ.