ಕಾಯಕದ ನೆಲೆಯಲ್ಲಿ ಮುನಿಸು

ಮನುಷ್ಯನು ಒಬ್ಬನೇ ಇರುವಾಗ ಶಾಂತನಾಗಿರುವುದು ಹಿರಿದಾದ ಸಾಧನೆಯಲ್ಲ. ಪ್ರಾತಃಕಾಲದಲ್ಲಿ ಕರಸ್ಥಲದ ಲಿಂಗವನ್ನು ನಿಟ್ಟಿಸುತ್ತ ಕುಳಿತ ಭಕ್ತನ ಮನಸ್ಸು ತಿಳಿನೀರಿನಂತೆ ಇರಬಹುದು. ಅದೇ ಮನಸ್ಸು ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಜೊತೆಗಾರನಾಡಿದ ಒಂದೇ ಮಾತಿಗೆ ಕದಡಿ ರಾಡಿಯಾಗುವುದು. ಹಾಗಾದರೆ ಬೆಳಗಿನ ಪೂಜೆಯ ಫಲವೆಲ್ಲಿ ಹೋಯಿತು? ಶರಣರು ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸಲಿಲ್ಲ. ಆದುದರಿಂದ ಭಕ್ತನ ಪರೀಕ್ಷೆಯು ಪೂಜೆಯ ಕೋಣೆಯಲ್ಲಿ ಮುಗಿಯುವುದಿಲ್ಲ. ನಾಲ್ವರು ಕೂಡಿ ದುಡಿಯುವ ಎಡೆಯಲ್ಲಿ ಅದು ಆರಂಭವಾಗುತ್ತದೆ.

ಶರಣರ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಮಂತ್ರಿಯಾದ ಬಸವಣ್ಣನವರು, ಬಟ್ಟೆಯನ್ನು ಮಡಿ ಮಾಡುವ ಮಾಚಯ್ಯನವರು, ಹುಲ್ಲು ಕೊಯ್ದು ಹಗ್ಗ ಹೊಸೆಯುವ ಚಂದಯ್ಯನವರು, ದೋಣಿ ನಡೆಸುವ ಚೌಡಯ್ಯನವರು ಒಂದೇ ಸಮುದಾಯದವರಾಗಿದ್ದರು. ಇಷ್ಟು ಬಗೆಯ ವೃತ್ತಿ, ಇಷ್ಟು ಬಗೆಯ ಸ್ವಭಾವ ಕೂಡಿದಲ್ಲಿ ಮಾತಿಗೆ ಮಾತು ತಾಗದಿರುವುದುಂಟೆ? 15ನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳನ್ನು ಓದಿದವರಿಗೆ, ಆ ಗ್ರಂಥಗಳು ಮೊದಲಿನಿಂದ ಕೊನೆಯವರೆಗೆ ಪ್ರಶ್ನೆ, ಆಕ್ಷೇಪ, ಸಮಾಧಾನಗಳಿಂದಲೇ ತುಂಬಿರುವುದು ಗೊತ್ತಿದೆ. ಶರಣರ ಹಿರಿಮೆಯು ಜಗಳವಿಲ್ಲದಿರುವುದರಲ್ಲಿ ಇರಲಿಲ್ಲ. ಜಗಳವನ್ನು ಅನುಭಾವವಾಗಿ ಮಾರ್ಪಡಿಸುವುದರಲ್ಲಿ ಇತ್ತು.

ಸೊನ್ನಲಿಗೆಯ ಪ್ರಸಂಗವನ್ನು ನೋಡಬಹುದು. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮಯ್ಯನವರು ಬಹುಜನರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿಸುತ್ತಿದ್ದರು. ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ಮಣ್ಣು ಹೊರುವ ಜನರೊಡನೆ ಅವರ ಒಡೆಯನನ್ನು ಒಡ್ಡನೆಂದು ಕರೆದು ವಿಚಾರಿಸಿದರು. ಕೆಲಸದವರಿಗೆ ಅದು ಸಹನೆಯಾಗಲಿಲ್ಲ. ತಮ್ಮ ಗುರುವನ್ನು ಹಳಿದನೆಂದು ಪ್ರಭುದೇವರ ಮೇಲೆ ಕಲ್ಲುಗಳನ್ನು ಎಸೆದರು. ಅನಂತರ ಒಡೆಯನಿಗೆ ಸುದ್ದಿ ಮುಟ್ಟಿಸಿದರು. ಸಿದ್ಧರಾಮಯ್ಯನವರೂ ಉರಿಗೋಪದಿಂದಲೇ ಬಂದರು. ಆದರೆ ಅವರ ಕೋಪದ ಬೆಂಕಿಯು ಪ್ರಭುದೇವರನ್ನು ಮುಟ್ಟಲಿಲ್ಲವೆಂದು ಕಥನವು ಹೇಳುತ್ತದೆ.

ಇಲ್ಲಿಯವರೆಗಿನದು ಎಲ್ಲ ಊರುಗಳಲ್ಲಿಯೂ ನಡೆಯುವ ಸಂಗತಿ. ಒಬ್ಬನು ಕಟುವಾಗಿ ನುಡಿಯುತ್ತಾನೆ. ಕೇಳಿದವರು ಅದಕ್ಕೆ ತಮ್ಮ ಬಿಸಿಯನ್ನೂ ಬೆರಸಿ ಮೇಲಿನವನಿಗೆ ಒಯ್ಯುತ್ತಾರೆ. ಅವನು ವಿಚಾರಿಸುವುದಕ್ಕೆ ಮೊದಲೇ ಸಿಟ್ಟಾಗುತ್ತಾನೆ. ವಿಶೇಷವಿರುವುದು ಮುಂದೆ. ಸಿದ್ಧರಾಮಯ್ಯನವರು ಅಲ್ಲಿ ನಿಂತರು, ಕೇಳಿದರು, ಪ್ರತಿಯಾಗಿ ಪ್ರಶ್ನಿಸಿದರು. ಆ ಕಟುನುಡಿಯ ಒಳಗಿದ್ದ ತಿರುಳನ್ನು ಕಂಡುಕೊಂಡರು. ಕೆರೆಯನ್ನು ಕಟ್ಟುವುದು ತಪ್ಪಲ್ಲ. ಕಟ್ಟಿದವನು ನಾನೆಂಬ ಭಾವವು ಆತ್ಮಕ್ಕೆ ಒಡ್ಡಾಗುತ್ತದೆ. ಆ ತಿರುಳು ಮನಸ್ಸಿಗೆ ಹೊಕ್ಕೊಡನೆ, ಬಯ್ದವರ ಜೊತೆಯಲ್ಲಿಯೇ ಅವರು ಕಲ್ಯಾಣಕ್ಕೆ ಹೊರಟರು. ನುಡಿಯ ಮುಳ್ಳನ್ನು ಬೇರೆ, ನುಡಿಯ ಹುರುಳನ್ನು ಬೇರೆ ಮಾಡಬಲ್ಲವನೇ ವಿವೇಕಿ. ಮುಳ್ಳಿಗಾಗಿ ಹಣ್ಣನ್ನೇ ಬಿಸುಡುವವನು ನಷ್ಟಪಡುವುದು ತಾನೇ.

ಕಲ್ಯಾಣದಲ್ಲಿ ಇನ್ನೊಂದು ಪಾಠವು ಕಾದಿತ್ತು. ಪ್ರಭುದೇವರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಅತಿಥಿಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ಪ್ರಭುದೇವರು ಒಳಗೆ ಬರಲೊಪ್ಪಲಿಲ್ಲ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗಿನ ಪೂಜೆಗೆ ಅರ್ಥವೇನೆಂಬುದನ್ನು ಚೆನ್ನಬಸವಣ್ಣನವರು ತಿಳಿಯಪಡಿಸಿದರು. ವಯಸ್ಸಿನಲ್ಲಿ ಕಿರಿಯರ ಮಾತೆಂದು ಬಸವಣ್ಣನವರು ಅದನ್ನು ತಳ್ಳಿಹಾಕಲಿಲ್ಲ. ತಾವು ಪೂಜೆಯಲ್ಲಿದ್ದೆವೆಂಬ ನೆವವನ್ನೂ ಹೇಳಲಿಲ್ಲ. ತಾವೇ ಬಾಗಿಲಿಗೆ ಬಂದು ತಪ್ಪನ್ನು ಒಪ್ಪಿ ಬಾಗಿದರು.

ಬಿಜ್ಜಳನ ಭಂಡಾರವನ್ನು ಆಳುತ್ತಿದ್ದವರು ಬಸವಣ್ಣನವರು. ಅವರು ಬಾಗಿದುದರಿಂದ ಅವರ ಅಧಿಕಾರವು ಎಳ್ಳಷ್ಟೂ ಕುಗ್ಗಲಿಲ್ಲ. ಕೆಳಗಿನವನು ಕ್ಷಮೆ ಕೇಳುವುದು ಭಯದಿಂದಲೂ ಆಗಬಹುದು. ಮೇಲಿನವನು ಕೇಳುವುದು ಧರ್ಮದಿಂದ ಮಾತ್ರ ಸಾಧ್ಯ. ಮುನಿದವನ ಬಳಿಗೆ ಆಳನ್ನು ಕಳುಹಿಸಿದರೆ ಮುನಿಸು ಬಾಗಿಲಲ್ಲಿಯೇ ನಿಲ್ಲುತ್ತದೆ, ತಾನೇ ನಡೆದು ಹೋದರೆ ಕರಗುತ್ತದೆ. ಇಂದು ಜನರು ಎದುರು ಮೇಜಿನವನೊಡನೆ ಆಡಬೇಕಾದ ಮಾತನ್ನು ಮೊಬೈಲ್ ಫೋನಿನ ಗುಂಪಿನಲ್ಲಿ ಹತ್ತು ಜನರ ಕಣ್ಣಿಗೆ ಬೀಳುವಂತೆ ಬರೆಯುತ್ತಾರೆ. ಹತ್ತು ಹೆಜ್ಜೆ ನಡೆದರೆ ತೀರುವ ಮನಸ್ತಾಪವು ಹೀಗೆ ಹತ್ತು ವರ್ಷದ ಹಗೆಯಾಗುತ್ತದೆ.

ಹಾಗೆಂದು ಶಾಂತಿಯ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ಶರಣಧರ್ಮವಲ್ಲ. ಆಯ್ದಕ್ಕಿ ಮಾರಯ್ಯನವರ ಸತಿ ಲಕ್ಕಮ್ಮನವರ ನಡೆಯು ಇದಕ್ಕೆ ಸಾಕ್ಷಿ. ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮ ಅಗತ್ಯವನ್ನು ಮೀರಿದ್ದು, ಆಸೆಯು ಇದರಲ್ಲಿ ಸೇರಿದೆ, ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಆ ತಾಯಿ ಹೇಳಿದರು. ಅವರು ನೆರೆಯವರ ಮುಂದೆ ಗಂಡನನ್ನು ಹೀಯಾಳಿಸಲಿಲ್ಲ; ಹಳೆಯ ತಪ್ಪುಗಳನ್ನು ಎಣಿಸಲಿಲ್ಲ; ನೀವು ಯಾವಾಗಲೂ ಹೀಗೆಯೇ ಎಂದು ಸ್ವಭಾವಕ್ಕೆ ಕೈಯಿಡಲಿಲ್ಲ. ಅಂದಿನ ಅಕ್ಕಿಯ ಮಾತನ್ನು ಅಂದೇ, ತಪ್ಪಿಸಿದವರಿಗೇ ಆಡಿ, ತಿದ್ದಿಕೊಳ್ಳುವ ದಾರಿಯನ್ನೂ ತೋರಿದರು. ಮಾರಯ್ಯನವರು ಗಂಡಸುತನವನ್ನು ಮುಂದಿಡದೆ ಅದರಂತೆ ನಡೆದರು. ಹೇಳಿದವರೂ ಕೇಳಿದವರೂ ಇಬ್ಬರೂ ಗೆದ್ದ ವಿವಾದವಿದು.

ಗೃಹಸ್ಥರ ದಿನಬಳಕೆಗೆ ಈ ಬೋಧೆಯು ಹೇಗೆ ಒದಗುವುದೆಂಬುದಕ್ಕೆ ದೃಷ್ಟಾಂತವೊಂದನ್ನು ಭಾವಿಸಿಕೊಳ್ಳಬಹುದು. ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತನೂ ತೂಕ ಮಾಡುವವನೂ ಇದ್ದಾರೆ. ರೈತನೊಬ್ಬನು ನಸುಕಿನಲ್ಲಿ ಶೇಂಗಾ ಚೀಲಗಳನ್ನು ತಂದಿಳಿಸಿದ್ದಾನೆ. ಚೀಲಗಳ ಎಣಿಕೆಯಲ್ಲಿ ಎರಡು ಹೆಚ್ಚುಕಡಿಮೆಯಾಯಿತು. ಕಳ್ಳತನದ ಮಾತು ಬಂತು. ಇಬ್ಬರೂ ಏರುದನಿಯಲ್ಲಿ ಕೂಗಾಡಿದರು. ಅಂಗಡಿಯ ಜನ ಎರಡು ಪಕ್ಷವಾದರು. ಸೂರ್ಯನು ನೆತ್ತಿಗೆ ಬಂದರೂ ತೂಕದ ಚೀಟಿ ಬರೆಯುವವರಿಲ್ಲ. ಮಗಳ ಶಾಲೆಯ ಹಣವನ್ನು ಅಂದು ಕಟ್ಟಬೇಕಾಗಿದ್ದ ರೈತನು ಚೀಲಕ್ಕೆ ಒರಗಿ ಸುಮ್ಮನೆ ನೋಡುತ್ತಿದ್ದಾನೆ. ಆಗ ಹಿರಿಯ ಹಮಾಲನೊಬ್ಬನು, “ಅಣ್ಣಗಳಿರಾ, ಮೊದಲು ಆತನ ಚೀಲ ತೂಗಿರಿ. ನಿಮ್ಮ ಜಗಳ ಸಂಜೆಗೂ ಇರುತ್ತದೆ, ಆತನ ಬಂಡಿ ಇರುವುದಿಲ್ಲ” ಎಂದನು.

ಇಬ್ಬರಿಗೂ ನಾಚಿಕೆಯಾಯಿತು. ಚೀಲಗಳನ್ನು ಎಲ್ಲರ ಮುಂದೆ ಮರಳಿ ಎಣಿಸಿದರು, ಲೆಕ್ಕ ಸರಿಹೋಯಿತು, ರೈತನು ಹಣದೊಡನೆ ಊರಿಗೆ ಹೋದನು. ಸಂಜೆ ಬಾಗಿಲು ಹಾಕಿದ ಮೇಲೆ ಗುಮಾಸ್ತನು, ತೂಕ ಮುಗಿಯುವ ಮೊದಲೇ ಅಂದಾಜಿನಿಂದ ಬರೆಯುವ ಚಾಳಿ ತನಗುಂಟೆಂದು ಒಪ್ಪಿಕೊಂಡನು. ತೂಕದವನು, ಅದನ್ನು ಬಹುದಿನಗಳಿಂದ ಕಂಡಿದ್ದರೂ ಎದುರಿಗೆ ಹೇಳದೆ ಹಿಂದಿನಿಂದ ನಗುತ್ತಿದ್ದೆನೆಂದು ಒಪ್ಪಿಕೊಂಡನು. ಒಬ್ಬನದು ಅವಸರದ ತಪ್ಪು, ಇನ್ನೊಬ್ಬನದು ಮೌನದ ತಪ್ಪು. ಅಂದಿನಿಂದ ತೂಗಿದ ಒಡನೆ ಇಬ್ಬರೂ ಎಣಿಕೆಯನ್ನು ಗಟ್ಟಿಯಾಗಿ ಹೇಳಿ ಬರೆಯುವ ಕ್ರಮವಾಯಿತು.

ಆ ಹಮಾಲನು ಆಡಿದ ಮಾತಿನಲ್ಲಿ ದಾಸೋಹದ ತತ್ತ್ವವೇ ಅಡಗಿದೆ. ಕಾಯಕವು ಮಾಡುವವನ ಸ್ವತ್ತಲ್ಲ. ಅದರ ಫಲವು ಸಮಾಜಕ್ಕೆ ಸಲ್ಲಬೇಕಾದುದು. ಇಬ್ಬರು ಜಗಳವಾಡುವಾಗ ತಮ್ಮಲ್ಲಿ ಯಾರು ಗೆದ್ದರೆಂಬುದನ್ನು ನೋಡುತ್ತಾರೆ. ಸೋತ ಮೂರನೆಯವನನ್ನು ನೋಡುವುದಿಲ್ಲ. ಗುರುಗಳಿಬ್ಬರು ಮುನಿಸಿಕೊಂಡರೆ ಪಾಠ ತಪ್ಪುವುದು ಮಕ್ಕಳಿಗೆ. ಅಡುಗೆಯ ಮನೆಯಲ್ಲಿ ವಾದ ಹತ್ತಿದರೆ ಹಸಿವು ಪಂಕ್ತಿಯಲ್ಲಿ ಕುಳಿತವರಿಗೆ. ಬಾಗಿಲಲ್ಲಿ ಕಾದು ನಿಂತ ಆ ಮೂರನೆಯವನೇ ಜಂಗಮನು. ಅವನ ಪಾಲನ್ನು ನಮ್ಮ ಅಹಂಕಾರವು ಉಣ್ಣಬಾರದು.

ಆದುದರಿಂದ ಭಕ್ತನು ಮುನಿಸು ಬಂದ ಗಳಿಗೆಯಲ್ಲಿ ಮೊದಲು ಕಾದು ನಿಂತವನ ಕೆಲಸವನ್ನು ತೀರಿಸಲಿ. ಬಳಿಕ ಸುದ್ದಿ ತಂದವರನ್ನು ಬಿಟ್ಟು, ಮಾತು ಆಡಿದವನನ್ನೇ ಏಕಾಂತದಲ್ಲಿ ಕಾಣಲಿ. ಅಂದಿನ ಸಂಗತಿಯನ್ನಷ್ಟೇ ಹೇಳಿ, ಅವನ ಮಾತಿನ ಹುರುಳನ್ನು ತನ್ನಲ್ಲಿ ಹುಡುಕಲಿ. ತನ್ನ ತಪ್ಪು ಕಂಡರೆ, ಹಿರಿಯನಾದರೂ ತಾನೇ ಮೊದಲು ಬಾಗಲಿ. ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗವನ್ನು ಹಿಡಿದಾಗ, ಆ ಕೈಯು ನಿನ್ನೆ ಯಾರನ್ನೂ ದೂಡಿರಲಿಲ್ಲವೆಂಬ ನೆಮ್ಮದಿಯು ಅವನಿಗೆ ಉಂಟಾಗುವುದು. ಅದಕ್ಕಿಂತ ಮಿಗಿಲಾದ ಪೂಜಾದ್ರವ್ಯವಿಲ್ಲ.