ಮೂಲವಳಿದ ಮೇಲೆ ಪ್ರತಿಕೃತಿ

ಒಂದು ವಸ್ತುವನ್ನು ನೋಡಿ ಅದರಂತೆಯೇ ಇನ್ನೊಂದನ್ನು ಮಾಡುವವನ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದು ಸುಲಭ. ಎರಡನ್ನೂ ಎದುರುಬದುರು ಇಟ್ಟರೆ ಸಾಕು. ಮೂಲವೇ ಅಳಿದುಹೋದ ಮೇಲೆ ಅದರ ಪ್ರತಿಕೃತಿಯನ್ನು ಮಾಡುವವನನ್ನು ಯಾವುದರಿಂದ ಪರೀಕ್ಷಿಸೋಣ? ಇದು ಕೇವಲ ತರ್ಕವಿನೋದವಲ್ಲವೆಂಬುದಕ್ಕೆ ದೂರದೇಶದ ಒಂದು ಮೋಟಾರುಗಾಡಿಯ ದೃಷ್ಟಾಂತವನ್ನು ವಾಚಕರ ಮುಂದಿಡುತ್ತೇನೆ.

ಅಮೆರಿಕೆಯ ಕ್ರೈಸ್ಲರ್ ಸಂಸ್ಥೆಯವರು ‘ನಾರ್ಸ್‌ಮನ್’ ಎಂಬ ಕಾರೊಂದನ್ನು ಕಲ್ಪಿಸಿ, ಅದನ್ನು ಕಟ್ಟುವ ಕೆಲಸವನ್ನು ಇಟಲಿಯ ಟ್ಯೂರಿನ್ ನಗರದ ಗಿಯಾ ಕಾರ್ಖಾನೆಗೆ ಒಪ್ಪಿಸಿದ್ದರು. ಮಾರಾಟಕ್ಕೆಂದು ಮಾಡಿದ್ದಲ್ಲ, ಹೊಸ ಯೋಚನೆಗಳನ್ನು ಪರೀಕ್ಷಿಸಲೆಂದು ಮಾಡಿದ ಒಂದೇ ಒಂದು ಗಾಡಿ. ಅದರ ವೈಶಿಷ್ಟ್ಯವಿದ್ದದ್ದು ಚಾವಣಿಯಲ್ಲಿ. ಮುಂಗಾಜಿನ ಎರಡು ಪಕ್ಕಗಳಲ್ಲಿ ಸಾಮಾನ್ಯವಾಗಿರುವ ಕಂಬಗಳು ಅದಕ್ಕಿರಲಿಲ್ಲ. ಹಿಂದಿನ ಆಧಾರದಿಂದಲೇ ಚಾವಣಿಯು ಮುಂದಕ್ಕೆ ಚಾಚಿಕೊಂಡಿತ್ತು. ಸಿದ್ಧವಾದ ಗಾಡಿಯನ್ನು 1956ರಲ್ಲಿ ‘ಆಂಡ್ರಿಯಾ ಡೋರಿಯಾ’ ಎಂಬ ಹಡಗಿನಲ್ಲಿ ನ್ಯೂಯಾರ್ಕಿಗೆ ಕಳುಹಿಸಿದರು. ಜುಲೈ 25ರ ರಾತ್ರಿ ನ್ಯಾಂಟಕೆಟ್ ದ್ವೀಪದ ಆಚೆಯ ಕಡಲಿನ ಮಂಜಿನಲ್ಲಿ ಅದಕ್ಕೂ ‘ಸ್ಟಾಕ್‌ಹೋಮ್’ ಎಂಬ ಸ್ವೀಡನ್ನಿನ ಹಡಗಿಗೂ ಡಿಕ್ಕಿಯಾಯಿತು. ಮರುದಿನ ಬೆಳಗ್ಗೆ ‘ಆಂಡ್ರಿಯಾ ಡೋರಿಯಾ’ ಮುಳುಗಿತು. ಎರಡು ಹಡಗುಗಳಲ್ಲಿ ಕೂಡಿ 51 ಜನ ಮಡಿದರು. ಅಷ್ಟು ಜೀವಗಳು ಹೋದೆಡೆಯಲ್ಲಿ ಒಂದು ಗಾಡಿಗಾಗಿ ಮರುಗುವುದು ಸಣ್ಣತನ. ನಾನು ಮರುಕಕ್ಕಾಗಿ ಹೇಳುತ್ತಿಲ್ಲ. ಯಾವ ಪ್ರದರ್ಶನವನ್ನೂ ಕಾಣದ ಆ ಗಾಡಿಯು ಸುಮಾರು 240 ಅಡಿಗಳ ಆಳವನ್ನು ಸೇರಿತು. ಉಳಿದವು ಛಾಯಾಚಿತ್ರಗಳು ಮತ್ತು ಬರಹದ ವಿವರಣೆಗಳು.

ಈಗ ಒಬ್ಬನು ಅದನ್ನು 24ರಲ್ಲಿ ಒಂದರ ಅಳತೆಗೆ ಮಾಡಹೊರಟನೆನ್ನೋಣ. ಅವನಿಗೆ ನಮ್ಮ ತಾರ್ಕಿಕರು ಹೇಳುವ ಪ್ರಮಾಣಗಳೇ ಗತಿ. ಚಿತ್ರದಲ್ಲಿ ಕಂಡದ್ದು ಪ್ರತ್ಯಕ್ಷದ ಸ್ಥಾನದಲ್ಲಿರುತ್ತದೆ. ಆದರೆ ಕ್ಯಾಮರಾ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದರಿಂದ ಚಿತ್ರದ ಮೇಲೆ ಅಳತೆಗೋಲನ್ನಿಟ್ಟರೆ ಸಾಲದು. ತಿಳಿದಿರುವ ಒಂದು ಅಳತೆಯನ್ನು ಹಿಡಿದು ಮಿಕ್ಕುದನ್ನು ಲೆಕ್ಕದಿಂದ ಸಾಧಿಸಬೇಕು. ಒಂದು ಪಕ್ಕವನ್ನು ಕಂಡು ಇನ್ನೊಂದೂ ಹಾಗೆಯೇ ಇದ್ದೀತೆಂಬುದು ಅನುಮಾನ. ಕಪ್ಪುಬಿಳುಪಿನ ಚಿತ್ರವು ಬಣ್ಣವನ್ನು ಹೇಳದು. ಅದಕ್ಕೆ ಕಂಡವರ ಮಾತೇ ಆಧಾರ. ಈ ಮೂರೂ ಮುಟ್ಟದ ಮೂಲೆಗಳಲ್ಲಿ ಕಲ್ಪನೆಯೊಂದೇ ಉಳಿಯುತ್ತದೆ.

ಅಳತೆಯಾದರೂ ನಿಷ್ಠೆಗೆ ಪೂರ್ತಿ ಒಳಪಡುವುದೆ? ಒಂದು ಮಿಲಿಮೀಟರ್ ದಪ್ಪದ ತಗಡನ್ನು 24ನೆಯ ಒಂದು ಪಾಲಿಗೆ ಇಳಿಸಿದರೆ ಅದು ತನ್ನ ರೂಪವನ್ನು ತಾನೇ ಹಿಡಿದು ನಿಲ್ಲಲಾರದು. ಆದ್ದರಿಂದ ಕುಶಲನು ತಗಡನ್ನು ದಪ್ಪವಾಗಿಯೇ ಇಟ್ಟು, ಕಣ್ಣಿಗೆ ಬೀಳುವ ಅಂಚನ್ನು ಮಾತ್ರ ಅರದಿಂದ ಉಜ್ಜಿ ತೆಳುಗೊಳಿಸುತ್ತಾನೆ. ಇದನ್ನು ನಾನು ವಂಚನೆಯೆನ್ನಲಾರೆ.

ಇನ್ನು ಆ ಚಾವಣಿಯ ಮಾತು. ಉದ್ದವು 24ನೆಯ ಒಂದು ಪಾಲಾದಾಗ, ಅದೇ ಲೋಹದಲ್ಲಿ ಮಾಡಿದರೂ, ತೂಕವು 13,824ನೆಯ ಒಂದು ಪಾಲಾಗುತ್ತದೆ. ಹೊರುವ ಆಧಾರದ ಅಡ್ಡಕೊಯ್ತವಾದರೋ 576ನೆಯ ಒಂದು ಪಾಲಿಗೆ ಮಾತ್ರ ಇಳಿಯುತ್ತದೆ. ಟ್ಯೂರಿನ್ನಿನ ಕೆಲಸಗಾರರಿಗೆ ಸಾಹಸವಾಗಿದ್ದದ್ದು ಇಲ್ಲಿ ಅನಾಯಾಸವಾಗಿ ನಿಲ್ಲುತ್ತದೆ. ಪ್ರತಿಕೃತಿಯು ಆಕಾರವನ್ನು ತಂದಿತು, ಭಾರವನ್ನು ತರಲಿಲ್ಲ. ಹಿರಿಯರ ನಡೆಯನ್ನು ನಮ್ಮ ಮನೆಯ ಅಳತೆಗೆ ಇಳಿಸಿಕೊಂಡು, ಅವರು ನಿಂತಂತೆಯೇ ನಾವೂ ನಿಂತೆವೆಂದು ಸಂತೋಷಪಡುವ ನಮಗೆ ಈ ಲೆಕ್ಕವು ಸ್ವಲ್ಪ ಚುಚ್ಚೀತು.

ಹಾಗಾದರೆ ತಿಳಿಯದ ಮೂಲೆಯನ್ನು ಅವನು ಬರಿದಾಗಿ ಬಿಡಬೇಕೆ, ತುಂಬಬೇಕೆ? ಬಿಟ್ಟರೆ ಗಾಡಿಯು ಗಾಡಿಯಾಗದು. ತುಂಬಿದರೆ ಅಪಾಯ ಬೇರೆ: ಮುಂದಿನ ಕುಶಲನು ಚಿತ್ರಗಳನ್ನು ಹುಡುಕದೆ ಈ ಪ್ರತಿಕೃತಿಯನ್ನೇ ನೋಡಿ ಮಾಡಿಯಾನು, ಇವನು ಊಹಿಸಿದ ಒಂದು ಕೀಲು ಎರಡನೆಯ ಕೈಯಲ್ಲಿ ಸಂಗತಿಯಾಗಿ, ಮೂರನೆಯ ಕೈಯಲ್ಲಿ ಸಾಕ್ಷಿಯಾಗಿ ಬೆಳೆದೀತು. ಅಲ್ಲಗಳೆಯಲು ಮೂಲವು ಎದ್ದು ಬರುವುದಿಲ್ಲ. ಸತ್ತವರ ಹೆಸರಿನಲ್ಲಿ ಮಾತನಾಡುವವನಿಗಿರುವ ಹೊಣೆಯೇ ಇವನಿಗೂ ಇದೆ. ಆದ್ದರಿಂದ ತುಂಬಲಿ, ಆದರೆ ತುಂಬಿದ್ದನ್ನು ಹೇಳಲಿ ಎಂಬುದು ನನ್ನ ಅಭಿಪ್ರಾಯ. ಹೇಳಿದರೆ ಪ್ರತಿಕೃತಿಯ ಬೆಲೆ ಕುಗ್ಗೀತೆಂದು ಕೆಲವರು ಅಂಜುತ್ತಾರೆ. ಪೀಠದ ಹಲಗೆಯನ್ನು ಮಗುಚಿ ನೋಡುವವರಾದರೂ ಯಾರು ಎಂದು ಇನ್ನು ಕೆಲವರು ನಗುತ್ತಾರೆ. ಯಾರೂ ನೋಡದಿರಲಿ, ಆ ಹಲಗೆಯ ಕೆಳಗೆ ಒಂದು ಚೀಟಿಯನ್ನು ಅಂಟಿಸಲು ಎಷ್ಟು ಹೊತ್ತು? ಮುಂಭಾಗ, ಚಾವಣಿ: ಚಿತ್ರಗಳಿಂದ. ಬಲಪಕ್ಕ: ಎಡಪಕ್ಕದಿಂದ ಊಹಿಸಿದ್ದು. ಬಣ್ಣ: ಬರಹದಿಂದ. ತಳಭಾಗ: ನನ್ನದು.